ದೇಶದ ಅರ್ಥನೀತಿಯೂ ಹಳ್ಳಿಯ ಕೂಲಿಯೂ

ತೆಲಿಗಿಯಂಥ ಮಳೆಯಾಶ್ರಯದ ಊರಿನಲ್ಲಿ ಕೆಲಸವಿಲ್ಲವೆಂದರೆ ಮಳೆಯಾಗಲಿಲ್ಲವೆಂದು ತಿಳಿಯುವುದು ವಾಡಿಕೆ. ಅದು ಸುಳ್ಳಲ್ಲ. ಸುಗ್ಗಿ ತೀರಿದ ಮೇಲೆ ಕೂಲಿಗೆ ಕರೆಯುವವರು ವಿರಳ. ಹರಪನಹಳ್ಳಿ ಸೀಮೆಯ ತಾಂಡಾಗಳಿಂದ ಸಂಸಾರ ಸಂಸಾರಗಳೇ ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವುದುಂಟು. ಆದರೆ ಎಷ್ಟು ಕೈಗಳಿಗೆ ಕೆಲಸ ದೊರೆಯುವುದೆಂಬುದನ್ನು ಮುಗಿಲಿನಂತೆಯೇ ದೆಹಲಿಯ ಕಾಗದವೂ ನಿರ್ಣಯಿಸುತ್ತದೆ. ಇದಕ್ಕೆ ಈ ತಾಲ್ಲೂಕಿನ ಚರಿತ್ರೆಯೇ ನಿದರ್ಶನ.

1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2005ರಲ್ಲಿ ಸಂಸತ್ತು ಗ್ರಾಮೀಣ ಉದ್ಯೋಗ ಖಾತರಿ ಶಾಸನವನ್ನು ಮಾಡಿತು. 2006ರ ಫೆಬ್ರವರಿಯಲ್ಲಿ ಅದು ಮೊದಲು 200 ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. ಆ ಪಟ್ಟಿಯಲ್ಲಿ ದಾವಣಗೆರೆ ಇತ್ತು, ಬಳ್ಳಾರಿ ಇರಲಿಲ್ಲ. ಬಳ್ಳಾರಿಯ ಸರದಿ ಬಂದುದು 2007ರಲ್ಲಿ. ಹೀಗಾಗಿ ತೆಲಿಗಿಯ ಕೂಲಿಕಾರನಿಗೆ ದೊರೆತ ಹಕ್ಕಿಗಾಗಿ ನೆರೆಯ ಕೂಡ್ಲಿಗಿ, ಹಡಗಲಿಗಳ ಕೂಲಿಕಾರನು ಒಂದು ವರ್ಷ ಕಾಯಬೇಕಾಯಿತು. ಸೀಮೆಯೂ ಒಂದೇ, ಬರವೂ ಒಂದೇ. ಜಿಲ್ಲೆಯ ಗೆರೆ ಮಾತ್ರ ಬೇರೆ. (ಅದೇ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದುದು ಬೇರೆ ಕಥೆ.)

ಬರದಲ್ಲಿ ಸರ್ಕಾರವು ಕೆಲಸ ಕೊಡುವುದು ಬಳ್ಳಾರಿ ಸೀಮೆಗೆ ಹೊಸತಲ್ಲ. 1876–78ರ ಘೋರ ಕ್ಷಾಮದಲ್ಲಿ ಮದರಾಸು ಸರ್ಕಾರದವರು ಪರಿಹಾರ ಕಾಮಗಾರಿಗಳನ್ನು ತೆರೆದಿದ್ದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕೂಲಿಯ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದನು. ಖಜಾನೆಯ ಮಿತವ್ಯಯಕ್ಕಾಗಿ ಮಾಡಿದ ಈ ಲೆಕ್ಕವನ್ನು ಕ್ರೌರ್ಯವೆನ್ನದೆ ವಿಧಿಯಿಲ್ಲ. ಅಂದಿನ ಕೆಲಸ ದೊರೆಯ ದಯೆ. 2005ರ ಶಾಸನವು ಅದನ್ನು ಪ್ರಜೆಯ ಹಕ್ಕೆಂದಿತು: ಕುಟುಂಬಕ್ಕೆ ವರ್ಷದಲ್ಲಿ 100 ದಿನದ ಕೆಲಸ, ಕೇಳಿದ 15 ದಿನಗಳೊಳಗೆ ಅದು ದೊರೆಯದಿದ್ದರೆ ನಿರುದ್ಯೋಗ ಭತ್ಯೆ. ಆದರೆ ಈ 15 ದಿನಗಳನ್ನು ಎಣಿಸುವುದು ಎಲ್ಲಿಂದ? ಅರ್ಜಿಗೆ ಪಂಚಾಯಿತಿ ಕೊಡುವ ದಿನಾಂಕವುಳ್ಳ ರಸೀತಿಯಿಂದ. ರಸೀತಿ ಇಲ್ಲವಾದರೆ ಕೇಳಿದುದಕ್ಕೆ ಸಾಕ್ಷಿಯಿಲ್ಲ; ಸಾಕ್ಷಿಯಿಲ್ಲದವನಿಗೆ ಭತ್ಯೆಯೂ ಇಲ್ಲ. ಸಂಸತ್ತಿನ ದೊಡ್ಡ ಮಾತು ಗುಮಾಸ್ತೆಯ ಮೇಜಿನ ಮೇಲಿನ ಈ ಸಣ್ಣ ಚೀಟಿಯಲ್ಲಿ ನಿಂತಿತ್ತು.

ಹೀಗೆ ಕೊಟ್ಟ ಕೂಲಿಯು ಕೆರೆಯ ಹೂಳೆತ್ತಿದವನಲ್ಲಿಯೇ ನಿಲ್ಲುವುದಿಲ್ಲ. ಅವನು ಪೇಟೆಯಲ್ಲಿ ಜೋಳವನ್ನೂ ಬಟ್ಟೆಯನ್ನೂ ಕೊಳ್ಳುತ್ತಾನೆ. ಅಂಗಡಿಯವನಿಗೂ ದರ್ಜಿಗೂ ಅದರಿಂದ ಕೆಲಸ. ಆಂಗ್ಲ ಅರ್ಥಶಾಸ್ತ್ರಜ್ಞ ಕೇನ್ಸನು 1936ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದುದು ಇದನ್ನೇ: ಕೊಳ್ಳುವವರಿಲ್ಲದುದರಿಂದ ಉಂಟಾದ ನಿರುದ್ಯೋಗಕ್ಕೆ ಸರ್ಕಾರದ ವೆಚ್ಚವೇ ಮದ್ದು. ಬಿತ್ತನೆಯ ಕಾಲದಲ್ಲಿ ಆಳು ಸಿಕ್ಕುವುದಿಲ್ಲ, ಕೂಲಿ ಏರಿತು ಎಂದು ರೈತರು ಆಕ್ಷೇಪಿಸಿದರು. ಆ ಮಾತನ್ನು ನಾವು ತಳ್ಳಿಹಾಕಲಾರೆವು. ಆದರೂ ಕೂಲಿಯವನಿಗೆ ಬೇಡವೆನ್ನುವ ಶಕ್ತಿ ಬಂದುದು ಅವನಿಗೆ ದೊರೆತ ಲಾಭವೇ ಅಲ್ಲವೆ?

2025ರ ಡಿಸೆಂಬರಿನಲ್ಲಿ ಸಂಸತ್ತು ಈ ಶಾಸನಕ್ಕೆ ಬದಲಾಗಿ ಮತ್ತೊಂದನ್ನು ಅಂಗೀಕರಿಸಿತು. ಅದರಲ್ಲಿ ದಿನಗಳು 125ಕ್ಕೆ ಏರಿದುವು. ಬಿತ್ತನೆ, ಕೊಯ್ಲುಗಳ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಾಯಿತು. ಇದಕ್ಕಿಂತ ಗುರುತರವಾದುದು ವೆಚ್ಚದ ಹಂಚಿಕೆ. ಹಿಂದೆ ಕೂಲಿಯ ಹಣವೆಲ್ಲ ಕೇಂದ್ರದ್ದು. ಹೊಸ ಶಾಸನದಲ್ಲಿ ಕರ್ನಾಟಕದಂಥ ರಾಜ್ಯಗಳು 100ಕ್ಕೆ 40 ಪಾಲನ್ನು ಹೊರಬೇಕು, ಕೇಂದ್ರವು ಗೊತ್ತುಮಾಡಿದ ಮೊತ್ತವನ್ನು ಮೀರಿದರೆ ಮೀರಿದುದನ್ನೆಲ್ಲ ಹೊರಬೇಕು. ಬರದ ವರ್ಷದಲ್ಲಿ ಕೆಲಸ ಕೇಳುವವರು ಹೆಚ್ಚುತ್ತಾರೆ, ರಾಜ್ಯದ ಆದಾಯವೂ ಅದೇ ವರ್ಷ ಕುಗ್ಗುವ ಸಂಭವವುಂಟು. ಆಗ ತೆಲಿಗಿಯ ಅರ್ಜಿಗೆ ಬೆಂಗಳೂರಿನ ಖಜಾನೆಯೂ ಉತ್ತರ ಹೇಳಬೇಕಾಗುತ್ತದೆ.