ಹಗ್ಗ ಎಳೆದರೆ ಬೈಗುಳವಿಲ್ಲ!

ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂದರೆ ನಾವು ಕೇಳುವ ಮೊದಲ ಪ್ರಶ್ನೆ, 'ಸಂಬಳ ಎಷ್ಟು?' ಮೇಲಧಿಕಾರಿ ಎಂಥವರು ಎಂದು ಕೇಳುವವರು ಕಡಿಮೆ. ಆದರೆ ನೌಕರ ಕೆಲಸಕ್ಕೆ ಮನಸ್ಸು ಕೊಡುತ್ತಾನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೀಮಾಂಟ್ ಎಂಬ ಊರಿನ ಕಾರು ಕಾರ್ಖಾನೆಯೊಂದರ ಕಥೆ ಕೇಳಿ.

ಜನರಲ್ ಮೋಟಾರ್ಸ್ ನಡೆಸುತ್ತಿದ್ದ ಆ ಕಾರ್ಖಾನೆಗೆ ತೀರಾ ಕೆಟ್ಟ ಹೆಸರಿತ್ತು. ನೂರಕ್ಕೆ 20 ಮಂದಿಯಾದರೂ ಗೈರುಹಾಜರು. ಸಿಟ್ಟಿಗೆ ಕಾರಿನ ಬಾಗಿಲೊಳಗೆ ಬಾಟಲಿ ಸೇರಿಸಿ ಮುಚ್ಚುತ್ತಿದ್ದುದೂ ಉಂಟೆಂದು ಅಲ್ಲಿ ದುಡಿದವರೇ ಮುಂದೆ ಹೇಳಿಕೊಂಡಿದ್ದಾರೆ. ಅಸೆಂಬ್ಲಿ ಲೈನ್ ಮಾತ್ರ ಏನೇ ಆದರೂ ನಿಲ್ಲಕೂಡದು. ತಪ್ಪು ಕಣ್ಣಿಗೆ ಬಿದ್ದರೂ ಕಾರು ಮುಂದೆ ಹೋಗಬೇಕು. 1982ರಲ್ಲಿ ಕಾರ್ಖಾನೆ ಮುಚ್ಚಿತು.

1984ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆಯೂ ಕೈಜೋಡಿಸಿ, 'ನುಮ್ಮಿ' ಎಂಬ ಹೆಸರಿನಲ್ಲಿ ಅದೇ ಕಾರ್ಖಾನೆ ಮತ್ತೆ ತೆರೆಯಿತು. ದಿನನಿತ್ಯದ ಆಡಳಿತ ಟೊಯೋಟಾದ್ದು. ಸ್ವಾರಸ್ಯವೆಂದರೆ, ಕಾರ್ಮಿಕರಲ್ಲಿ ಸುಮಾರು ಶೇಕಡಾ 85 ಮಂದಿ ಹಳಬರೇ. ಕಾರ್ಮಿಕ ಸಂಘವೂ ಹಳೆಯದೇ! ಬದಲಾದದ್ದು ಮೇಲಿನವರ ನಡವಳಿಕೆ. ಲೈನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು. ತಪ್ಪು ಕಂಡ ಯಾವ ಕಾರ್ಮಿಕನಾದರೂ ಎಳೆಯಬಹುದು. ಎಳೆದರೆ ಗುಂಪಿನ ಮುಂದಾಳು ಓಡಿಬರುತ್ತಾನೆ, ಬೈಯಲಿಕ್ಕಲ್ಲ, ಕೈಜೋಡಿಸಲಿಕ್ಕೆ. ಸಮಸ್ಯೆ ಬಗೆಹರಿಯದಿದ್ದರೆ ಇಡೀ ಲೈನೇ ನಿಲ್ಲುತ್ತದೆ. ಊಟದ ಮನೆ, ವಾಹನ ನಿಲ್ಲಿಸುವ ಜಾಗ ಸಾಹೇಬರಿಗೂ ಕಾರ್ಮಿಕರಿಗೂ ಒಂದೇ. ಗೈರುಹಾಜರಿ ಶೇಕಡಾ 3–4ಕ್ಕೆ ಇಳಿಯಿತು.

ಬರೀ ಸಿಹಿಮಾತಿನಿಂದ ಇದಾಯಿತೇ? ಇಲ್ಲ. 1988ರ ಸುಮಾರಿಗೆ ಕಾರುಗಳ ಮಾರಾಟ ಬಿದ್ದುಹೋದಾಗ ಯಾರನ್ನೂ ಮನೆಗೆ ಕಳಿಸಲಿಲ್ಲ; ಕೆಲಸವಿಲ್ಲದವರನ್ನು ತರಬೇತಿಗೆ, ದುರಸ್ತಿಗೆ ಹಚ್ಚಿದರು. ಆಡಿದ ಮಾತನ್ನು ಉಳಿಸಿಕೊಂಡದ್ದೇ ಕಾರ್ಮಿಕರ ನಂಬಿಕೆಗೆ ಗಟ್ಟಿ ಕಾರಣವೆಂದು ನನಗನ್ನಿಸುತ್ತದೆ.

ಹಾಗೆಂದು ಟೊಯೋಟಾ ಎಂಬ ಹೆಸರಿನಲ್ಲೇ ಮಂತ್ರವಿದೆ ಎಂದುಕೊಳ್ಳಬೇಡಿ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2006, 2014, 2020ರಲ್ಲಿ ಆಡಳಿತಕ್ಕೂ ಕಾರ್ಮಿಕರಿಗೂ ಜಟಾಪಟಿಯಾಗಿ ಬೀಗಮುದ್ರೆ ಬಿದ್ದದ್ದುಂಟು. ನುಮ್ಮಿಯೂ 2010ರಲ್ಲಿ ಮುಚ್ಚಿತು. ಜನರಲ್ ಮೋಟಾರ್ಸ್ ಪಾಲುದಾರಿಕೆ ಬಿಟ್ಟಿತ್ತು, ಟೊಯೋಟಾ ಮುಂದುವರಿಸಲಿಲ್ಲ. ಅಲ್ಲೀಗ ಟೆಸ್ಲಾ ಕಾರುಗಳು ತಯಾರಾಗುತ್ತವೆ.

ಕಾಲೇಜಿಗೇ ಬಂದು ಸಂದರ್ಶನ ನಡೆಸುವ ಕಂಪೆನಿಯವರು ಕೊನೆಯಲ್ಲಿ, 'ನೀವೇನಾದರೂ ಕೇಳಬೇಕೆ?' ಎನ್ನುತ್ತಾರೆ. ನಮ್ಮ ಹುಡುಗರು ತಲೆಯಾಡಿಸಿ ಎದ್ದು ಬರುತ್ತಾರೆ. 'ಕೆಲಸದಲ್ಲಿ ತಪ್ಪು ಕಂಡರೆ ಯಾರಿಗೆ ಹೇಳಬೇಕು ಸಾರ್, ಹೇಳಿದ ಮೇಲೆ ಏನಾಗುತ್ತದೆ?' ಎಂದು ಕೇಳಿ ನೋಡಲಿ.