ಬ್ಯಾಂಡಿಂಗ್ (ಮುದ್ರಣ ದೋಷ)

ದೊಡ್ಡ ಅಳತೆಯ ಇಂಕ್‌ಜೆಟ್ ಮುದ್ರಕಗಳಲ್ಲಿ ಮುದ್ರಿಸಿದ ಚಿತ್ರದ ಮೇಲೆ ಅಡ್ಡಲಾಗಿ ಮೂಡುವ ಗೆರೆ ಅಥವಾ ಪಟ್ಟೆಗಳನ್ನು ಬ್ಯಾಂಡಿಂಗ್ ಎಂದು ಕರೆಯಲಾಗುತ್ತದೆ. ಒಂದೇ ಬಣ್ಣ ಹರಡಿರುವ ಆಕಾಶ, ಗೋಡೆಯಂತಹ ಭಾಗಗಳಲ್ಲಿ ಇದು ಎದ್ದು ಕಾಣುತ್ತದೆ.

ಈ ಮುದ್ರಕಗಳಲ್ಲಿ ಪ್ರಿಂಟ್ ಹೆಡ್ ಕಾಗದದ ಅಗಲಕ್ಕೆ ಅತ್ತಿಂದಿತ್ತ ಚಲಿಸುತ್ತ, ನಾಝಲ್‌ಗಳೆಂಬ ಸೂಕ್ಷ್ಮ ರಂಧ್ರಗಳಿಂದ ಶಾಯಿಯ ಹನಿಗಳನ್ನು ಚಿಮ್ಮಿಸುತ್ತದೆ. ಪ್ರತಿ ಓಟದ ನಂತರ ಕಾಗದವು ನಿಗದಿತ ದೂರ ಮುಂದೆ ಸರಿಯುತ್ತದೆ. ಹನಿ ಬೀಳದಿದ್ದರೂ, ಕಾಗದ ತಪ್ಪಾಗಿ ಸರಿದರೂ ಗೆರೆ ಮೂಡುತ್ತದೆ. ನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಇವೆರಡರ ಪರಿಹಾರ ಬೇರೆ ಬೇರೆ.

== ಕಾರಣ ಪತ್ತೆ ==
ಮೊದಲು ನಾಝಲ್ ಪರೀಕ್ಷಾ ವಿನ್ಯಾಸವನ್ನು ಮುದ್ರಿಸಿ ನೋಡಬೇಕಾಗುತ್ತದೆ. ಅದರ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದರೆ ಶಾಯಿ ಒಣಗಿಯೋ ಗಾಳಿ ಸೇರಿಯೋ ರಂಧ್ರಗಳು ಕಟ್ಟಿಕೊಂಡಿವೆ ಎಂದರ್ಥ. ಆಗ ಶುಚಿಗೊಳಿಸುವ ಕ್ರಿಯೆ ನಡೆಸಲಾಗುತ್ತದೆ. ಒಣ ಹವೆಯಲ್ಲಿ ಹಾಗೂ ಬಹುದಿನ ಬಳಸದ ಯಂತ್ರಗಳಲ್ಲಿ ಈ ತೊಂದರೆ ಹೆಚ್ಚು. ಪ್ರತಿ ಶುಚಿಗೊಳಿಸುವಿಕೆಯೂ ಶಾಯಿಯನ್ನು ಹೀರಿ ತ್ಯಾಜ್ಯ ತೊಟ್ಟಿಗೆ ಸೇರಿಸುತ್ತದೆ. ಆದ್ದರಿಂದ ಪರೀಕ್ಷಿಸದೆ ಅದನ್ನೇ ಪದೇ ಪದೇ ನಡೆಸುವುದು ದುಬಾರಿ, ಹಲವೊಮ್ಮೆ ವ್ಯರ್ಥ.

ವಿನ್ಯಾಸ ಪೂರ್ಣವಾಗಿದ್ದೂ ಪಟ್ಟೆ ಉಳಿದರೆ ಕಾಗದದ ಚಲನೆಯನ್ನು ಗಮನಿಸಬೇಕು. ಕಾಗದ ಹೆಚ್ಚು ಸರಿದರೆ ಓಟಗಳ ನಡುವೆ ತೆರಪು ಬಿದ್ದು ಬಿಳಿಗೆರೆಯೂ, ಕಡಿಮೆ ಸರಿದರೆ ಒಂದರ ಮೇಲೊಂದು ಬಿದ್ದು ಕಪ್ಪುಗೆರೆಯೂ ಮೂಡುತ್ತವೆ. ಕಾಗದದ ದಪ್ಪ ಮತ್ತು ಮೇಲ್ಮೈಗೆ ತಕ್ಕಂತೆ ಚಲನೆ ಬದಲಾಗುವುದರಿಂದ, ಹೊಸ ಬಗೆಯ ಕಾಗದ ಹಾಕಿದಾಗ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಲಂಬ ಗೆರೆಗಳು ಜೋಡಿಯಾಗಿ ಕಾಣುವುದು ಬ್ಯಾಂಡಿಂಗ್ ಅಲ್ಲ. ಒಂದೇ ದಿಕ್ಕಿನಲ್ಲಿ ಮುದ್ರಿಸಿದಾಗ ಅದು ಮಾಯವಾದರೆ ಪ್ರಿಂಟ್ ಹೆಡ್‌ನ ಜೋಡಣೆಯನ್ನು ಸರಿಪಡಿಸಬೇಕು. ಓಟಗಳ ಸಂಖ್ಯೆ ಹೆಚ್ಚಿಸಿದರೆ ಪಟ್ಟೆಗಳು ಮಸುಕಾಗುತ್ತವೆ. ಆದರೆ ಮುದ್ರಣ ನಿಧಾನವಾಗುತ್ತದೆ, ಮೂಲ ದೋಷವೂ ಹಾಗೆಯೇ ಉಳಿಯುತ್ತದೆ.