ಮನೆಯ ಶೆಡ್ಡಿಗೆ ಲೇಥ್: ದರಪಟ್ಟಿಯಲ್ಲಿ ಕಾಣದ ಬೆಲೆ

ನಮ್ಮ ಸದಸ್ಯರಲ್ಲಿ ಅನೇಕರ ಉದ್ದಿಮೆಗಳು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಒಂದೇ ಲೇಥ್‌ನಿಂದ ಆರಂಭಗೊಂಡವು. ಇಂದಿಗೂ ಕಾರ್ಖಾನೆಯಿಂದ ನಿವೃತ್ತರಾದ ಟರ್ನರುಗಳು, ಐ.ಟಿ.ಐ. ಮುಗಿಸಿದ ಯುವಕರು, ಬಿಡಿಭಾಗಗಳನ್ನು ಹೊರಗೆ ಮಾಡಿಸಿ ಬೇಸತ್ತ ಪಂಪ್‌ಸೆಟ್ ವ್ಯಾಪಾರಿಗಳು ಇದೇ ದಾರಿ ಹಿಡಿಯುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಮನೆ ಕಟ್ಟಿಸಿದ ನಂತರದ ಅತಿ ದೊಡ್ಡ ಖರ್ಚು ಇದೇ. ಹಣ ಭವಿಷ್ಯನಿಧಿಯದೋ ಒಡವೆ ಸಾಲದ್ದೋ ಆಗಿರುತ್ತದೆ. ಯಂತ್ರದ ಬಗ್ಗೆ ಈ ಲೇಖಕನಿಗಿರುವ ತಿಳಿವಳಿಕೆ ಅನುಭವಿ ಟರ್ನರುಗಳಿಂದ ಕೇಳಿ ಕಲಿತದ್ದು. ಲೆಕ್ಕದ ಭಾಗ ಮಾತ್ರ ಸ್ವಂತ ವೃತ್ತಿಯದು.

ಮೊದಲು ನಿರ್ಧರಿಸಬೇಕಾದುದು ಯಂತ್ರವನ್ನಲ್ಲ, ಕೆಲಸವನ್ನು. ಪಂಪಿನ ಬುಷ್ ಮತ್ತು ಶಾಫ್ಟ್ ಮಾಡುವವನಿಗೆ ಬೇಕಾದ ಲೇಥ್ ಬೇರೆ, ಟ್ರಾಕ್ಟರಿನ ಡ್ರಮ್ ತಿರುಗಿಸುವವನಿಗೆ ಬೇಕಾದದ್ದು ಬೇರೆ. ನಮ್ಮ ಪೇಟೆಯಲ್ಲಿ ಲೇಥ್‌ಗಳನ್ನು ನಾಲ್ಕೂವರೆ ಅಡಿ, ಆರು ಅಡಿ ಎಂದು ಬೆಡ್ಡಿನ ಉದ್ದದಿಂದ ಕರೆಯುವ ರೂಢಿಯಿದೆ. ಹೊಸಬರು ಅದನ್ನೇ ಜಾಬ್‌ನ ಉದ್ದವೆಂದು ಭಾವಿಸುತ್ತಾರೆ. ಹೆಡ್‌ಸ್ಟಾಕ್, ಟೇಲ್‌ಸ್ಟಾಕ್ ಎರಡೂ ಅದೇ ಬೆಡ್ಡಿನ ಮೇಲೆ ಕೂರುವುದರಿಂದ ನಾಲ್ಕೂವರೆ ಅಡಿಯ ಯಂತ್ರದಲ್ಲಿ ಎರಡು ಸೆಂಟರುಗಳ ನಡುವೆ ಸಿಗುವುದು ಸುಮಾರು ಎರಡರಿಂದ ಎರಡೂವರೆ ಅಡಿ ಮಾತ್ರ. ಸೆಂಟರುಗಳ ನಡುವಿನ ಅಂತರ, ಕ್ರಾಸ್ ಸ್ಲೈಡಿನ ಮೇಲೆ ತಿರುಗಬಲ್ಲ ವ್ಯಾಸ, ಸ್ಪಿಂಡಲ್ಲಿನ ರಂಧ್ರದ ಅಳತೆ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯುವುದು ಲೇಸು.

ದರಪಟ್ಟಿಯ ಕೊನೆಯ ಸಾಲುಗಳನ್ನು ಮೊದಲು ಓದಬೇಕು. ರಾಜಕೋಟ್, ಬಟಾಲಾ ಕಡೆಯ ತಯಾರಕರ ಯಂತ್ರಗಳು ನಮ್ಮಲ್ಲಿಗೆ ಬರುತ್ತವೆ. ಇಂಥ ಸಣ್ಣ ಲೇಥ್‌ಗಳ ಮೂಲಬೆಲೆಯಲ್ಲಿ ಮೋಟರು, ಚಕ್ಕು, ಸ್ವಿಚ್ಚು, ಸ್ಟೆಡಿ ಸೇರಿರದೆ ಪ್ರತ್ಯೇಕ ಬಾಬತ್ತುಗಳಾಗಿರುವುದು ಸಾಮಾನ್ಯ. ಸಾಗಾಣಿಕೆ, ಕ್ರೇನು, ಕಾಂಕ್ರೀಟು ನೆಲದ ಖರ್ಚನ್ನು ಯಾರೂ ಹೇಳುವುದಿಲ್ಲ. ಮೂರು ಜಾ ಚಕ್ಕಿನ ಜೊತೆಗೆ ನಾಲ್ಕು ಜಾ ಚಕ್ಕೂ ಇಲ್ಲದೆ ದುರಸ್ತಿ ಕೆಲಸ ನಡೆಯದೆಂದು ಬಲ್ಲವರು ಹೇಳುತ್ತಾರೆ.

ಇನ್ನು ಹಳೆಯ ಯಂತ್ರಗಳ ಮಾತು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಹಾಗೂ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಲೇಥ್‌ಗಳು ಇಂದಿಗೂ ಕೈಬದಲಾಗುತ್ತಿವೆ. ಸರಿಯಾಗಿ ಉಳಿದುಬಂದ ಇಂಥ ಭಾರವಾದ ಯಂತ್ರ ಹೊಸ ಹಗುರ ಯಂತ್ರಕ್ಕಿಂತ ಮೇಲೆಂಬುದು ಟರ್ನರುಗಳ ಅಭಿಪ್ರಾಯ, ಈ ಲೇಖಕನದೂ ಅದೇ. ಆದರೆ ಹೊಸ ಬಣ್ಣಕ್ಕೆ ಮರುಳಾಗಬಾರದು. ಕೆಲಸವೆಲ್ಲ ಚಕ್ಕಿನ ಸಮೀಪ ನಡೆಯುವುದರಿಂದ ಬೆಡ್ಡು ಅಲ್ಲಿಯೇ ಹೆಚ್ಚು ಸವೆಯುತ್ತದೆ. ಕ್ಯಾರಿಯೇಜನ್ನು ಚಕ್ಕಿನ ಬಳಿ ಸಡಿಲವಿಲ್ಲದಂತೆ ಹೊಂದಿಸಿ ಟೇಲ್‌ಸ್ಟಾಕಿನತ್ತ ಸರಿಸಿದಾಗ ಅದು ಬಿಗಿದು ನಿಂತರೆ ಸವೆತ ಇದೆಯೆಂದೇ ಅರ್ಥ. ನಮ್ಮ ಪುಸ್ತಕದ ಸವಕಳಿ ಗೊತ್ತಾದ ದರದಲ್ಲಿ ನಡೆಯುತ್ತದೆ, ಬೆಡ್ಡಿನ ಸವಕಳಿಗೆ ಆ ಶಿಸ್ತಿಲ್ಲ! ಒಂದು ದಪ್ಪ ಸರಳನ್ನು ಚಕ್ಕಿನಲ್ಲಿ ಹಿಡಿಸಿ, ನಾಲ್ಕು ಅಂಗುಲದಷ್ಟು ಹೊರಗಿಟ್ಟು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ ತೆಳುವಾಗಿ ತಿರುಗಿಸಿ ಎರಡೂ ತುದಿಗಳನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ಯಂತ್ರ ಮಟ್ಟಸವಾಗಿ ಕೂತಿರದಿದ್ದರೂ ವ್ಯತ್ಯಾಸ ಬರಬಹುದು. ಅದನ್ನು ನೋಡಿಕೊಂಡು ತೀರ್ಮಾನಿಸಬೇಕು. ಕ್ರಾಸ್ ಸ್ಲೈಡಿನ ಹಿಡಿಯಲ್ಲಿ ತುಸು ಆಟವಿದ್ದರೆ ಹೆದರಬೇಕಿಲ್ಲ, ನಟ್ ಬದಲಿಸಿದರೆ ಸರಿಹೋಗುತ್ತದೆ. ಗೇರುಗಳ ಗಂಟು ಪೂರ್ಣವಿದೆಯೇ ಎಂದು ಎಣಿಸಿಕೊಳ್ಳಿ. ಲೀಡ್ ಸ್ಕ್ರೂ ಅಂಗುಲದ ಲೆಕ್ಕದ್ದಾಗಿದ್ದರೆ ಮಿಲಿಮೀಟರಿನ ಥ್ರೆಡ್ ಕರಾರುವಾಕ್ಕಾಗಿ ಕೊರೆಯಲು 127 ಹಲ್ಲಿನ ಗೇರು ಬೇಕು. ಕಳೆದುಹೋಗುವುದೂ ಹೆಚ್ಚಾಗಿ ಅದೇ. ಹರಿಹರದ ಕಾರ್ಖಾನೆ ಮುಚ್ಚಿ ಎರಡು ದಶಕಗಳ ಮೇಲಾದುದರಿಂದ ಬಿಡಿಭಾಗಗಳನ್ನು ಗುಜರಿಯಲ್ಲಿ ಹುಡುಕಬೇಕಾದೀತು ಅಥವಾ ಮಾಡಿಸಬೇಕಾದೀತು.

ಲೆಕ್ಕಕ್ಕೆ ಬರೋಣ. ಹೊಸ ಲೇಥ್‌ನ ಬೆಲೆ 2,00,000 ರೂಪಾಯಿ ಎಂದಿಟ್ಟುಕೊಳ್ಳಿ, ಶೇ. 18ರ ಜಿ.ಎಸ್.ಟಿ. 36,000 ಸೇರಿ 2,36,000 ಆಗುತ್ತದೆ. ಹಳೆಯದೊಂದನ್ನು ವ್ಯಾಪಾರಿ 'ಬಿಲ್ಲಿಲ್ಲದೆ, ನಗದಾದರೆ' 1,50,000ಕ್ಕೆ ಕೊಡುತ್ತೇನೆನ್ನುತ್ತಾನೆ. ಮೇಲ್ನೋಟಕ್ಕೆ 86,000ದ ಉಳಿತಾಯ. ಆದರೆ ಜಿ.ಎಸ್.ಟಿ. ನೋಂದಣಿಯುಳ್ಳ ಉದ್ದಿಮೆದಾರನು ತೆರಿಗೆಗೊಳಪಟ್ಟ ಕೆಲಸಕ್ಕೆ ಯಂತ್ರ ಬಳಸುವುದಾದರೆ 36,000 ಪೂರ್ತಿ ಇನ್‌ಪುಟ್ ಕ್ರೆಡಿಟ್ ಆಗಿ ಜಮೆಗೆ ಬರುತ್ತದೆ. ಸರಬರಾಜುದಾರನ ಬಿಲ್ಲು ತಮ್ಮ 2ಬಿ ತಖ್ತೆಯಲ್ಲಿ ಕಾಣಿಸಬೇಕು, ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳಿರಬಾರದು. ಉಳಿದ 2,00,000ದ ಮೇಲೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 15ರಂತೆ, ಇಳಿಕೆಯಾಗುವ ಮೌಲ್ಯದ ಮೇಲೆ ಸವಕಳಿ ದೊರೆಯುತ್ತದೆ. ಶೇ. 20ರ ತೆರಿಗೆ ತೆರುವವರಿಗೆ ಹಲವು ವರ್ಷಗಳಲ್ಲಿ ಹಂಚಿಹೋಗಿ ಇದರಿಂದ 40,000ದ ಸಮೀಪ ಉಳಿಯುತ್ತದೆ. ನಗದಿನ ಯಂತ್ರಕ್ಕೆ ಇವೆರಡೂ ಇಲ್ಲ. 2017ರ ಹಣಕಾಸು ಕಾಯಿದೆಯಿಂದೀಚೆಗೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ಮೊತ್ತವು ಯಂತ್ರದ ವೆಚ್ಚವೆಂದು ಸವಕಳಿಗೆ ಪರಿಗಣಿತವಾಗುವುದಿಲ್ಲ. ಅಂತರ ಕೊನೆಗೆ 10,000ಕ್ಕೆ ಇಳಿಯಿತು. ಬೆಡ್ಡನ್ನು ಗ್ರೈಂಡ್ ಮಾಡಿಸಬೇಕಾಗಿ ಬಂದರೆ ಅದೂ ಉಳಿಯದು.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ನೋಂದಣಿಯಿಲ್ಲದವರಿಗೂ ಇನ್‌ಪುಟ್ ಕ್ರೆಡಿಟ್ ಇಲ್ಲ. ವಹಿವಾಟಿನ ನಿಗದಿತ ಶೇಕಡಾವಾರನ್ನೇ ಲಾಭವೆಂದು ತೋರಿಸುವ ಅಂದಾಜು ಪದ್ಧತಿಯವರು ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಅಂಥವರಿಗೆ ಹಳೆಯ ಯಂತ್ರವೇ ಲಾಭಕರವಾಗಬಹುದು. ಆಗಲೂ ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಯಂತ್ರದ ಸಂಖ್ಯೆ ನಮೂದಿಸಿದ ಮಾರಾಟ ಪತ್ರವಿರಲಿ. ಈ ಲೇಖಕನ ಕಕ್ಷಿದಾರರೊಬ್ಬರು ಆರು ಅಡಿಯ ಲೇಥ್ ಒಂದನ್ನು ಚೀಟಿಯ ಮೇಲೆ ನಗದಾಗಿ ಕೊಂಡಿದ್ದರು. ಎರಡು ವರ್ಷದ ನಂತರ ದುಡಿಯುವ ಬಂಡವಾಳಕ್ಕೆ ಬ್ಯಾಂಕಿಗೆ ಹೋದಾಗ, ದಿನವೂ ದುಡಿಯುತ್ತಿದ್ದ ಆ ಯಂತ್ರ ಆಸ್ತಿಯ ಪಟ್ಟಿಯಲ್ಲಿ ಸೊನ್ನೆಯಾಗಿತ್ತು. ಕಣ್ಣೆದುರಿನ ಕಬ್ಬಿಣವನ್ನು ತಮ್ಮದೆಂದು ರುಜುವಾತುಪಡಿಸಲಾಗದೆ ಅವರು ಪತ್ನಿಯ ಒಡವೆ ಅಡವಿಟ್ಟರು. ಕಾರ್ಖಾನೆಯೊಂದು ತನ್ನ ಹಳೆಯ ಯಂತ್ರವನ್ನು ತೆರಿಗೆ ಬಿಲ್ಲಿನೊಂದಿಗೆ ಮಾರಿದರೆ ಇನ್‌ಪುಟ್ ಕ್ರೆಡಿಟ್ಟೂ ಸಿಗುತ್ತದೆ. ಇಂಥ ಅವಕಾಶವನ್ನು ಕಾಯುವುದು ಜಾಣತನ.

ವಿದ್ಯುತ್ತಿನ ವಿಷಯ ಚಿಕ್ಕದಾದರೂ ಮರೆಯುವಂಥದಲ್ಲ. ಮನೆಯಲ್ಲಿರುವುದು ಸಾಮಾನ್ಯವಾಗಿ ಸಿಂಗಲ್ ಫೇಸ್, ಹಳೆಯ ಲೇಥ್‌ಗಳ ಮೋಟರು ತ್ರೀ ಫೇಸ್. ಒಂದೆರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟರು ಕೂರಿಸಬಹುದು, ಅಥವಾ ಅದೇ ಮೋಟರಿಗೆ ವಿ.ಎಫ್.ಡಿ. ಅಳವಡಿಸಬಹುದು. ಆದರೆ ಗೃಹಬಳಕೆಯ ಮೀಟರಿನಲ್ಲಿ ಕೂಲಿ ಕೆಲಸ ನಡೆಸುವುದು ನಿಯಮಬಾಹಿರ. ಕೈಗಾರಿಕಾ ಸಂಪರ್ಕಕ್ಕೆ ಮೊದಲೇ ಅರ್ಜಿ ಹಾಕಬೇಕು. ಜಿ.ಎಸ್.ಟಿ. ನೋಂದಣಿಯಲ್ಲಿ ಶೆಡ್ಡಿನ ವಿಳಾಸವಿರಬೇಕು. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತ. ಅದಕ್ಕೆಂದು ಮಧ್ಯವರ್ತಿಗೆ ಹಣ ಕೊಡುವ ಅಗತ್ಯವಿಲ್ಲ.

ಸಂಪರ್ಕ ತಡವಾದರೆ ಸವಕಳಿಗೂ ಪೆಟ್ಟು ಬೀಳುತ್ತದೆ. ಕಾನೂನು ನೋಡುವುದು ಬಿಲ್ಲಿನ ದಿನವನ್ನಲ್ಲ, ಯಂತ್ರ ಉಪಯೋಗಕ್ಕೆ ತೊಡಗಿದ ದಿನವನ್ನು. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಮೊದಲ ವರ್ಷ ದೊರೆಯುವುದು ಅರ್ಧ ಸವಕಳಿ ಮಾತ್ರ. ಆದ್ದರಿಂದ ಸೆಪ್ಟೆಂಬರಿನಲ್ಲಿ ಯಂತ್ರ ಇಳಿಸಿಕೊಳ್ಳುವವರು ಅಕ್ಟೋಬರಿನ ಮೊದಲೆರಡು ದಿನಗಳೊಳಗೆ ಒಂದಾದರೂ ಜಾಬ್ ಮುಗಿಸಿ, ಅದರ ಬಿಲ್ಲಿನ ಪ್ರತಿಯನ್ನು ಖರೀದಿಯ ಕಡತದಲ್ಲೇ ಇರಿಸುವುದು ಉತ್ತಮ.